ಬಿಡುಗಡೆಯಾದ ಮೂರು ವಾರಕ್ಕೆ ಮತ್ತೆ ಕಾಣಿಸಿಕೊಂಡ ಬ್ಯಾಕ್ಟೀರಿಯಾ: ಒಂದು ಐಸಿಯು ಪ್ರಕರಣ ಅಧ್ಯಯನ

ಹಿನ್ನೆಲೆ

2011ರ ಜೂನ್ 13ರಂದು ನ್ಯೂಯಾರ್ಕ್ ನಗರದ ಒಂದು ಆಸ್ಪತ್ರೆಯಿಂದ ಒಬ್ಬ ರೋಗಿಯನ್ನು ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾಕ್ಕೆ, ಅಲ್ಲಿನ ಕ್ಲಿನಿಕಲ್ ಸೆಂಟರ್‌ನ ತೀವ್ರ ನಿಗಾ ಘಟಕಕ್ಕೆ ಕರೆತಂದರು. ಆಗ ಸುಮಾರು 240 ಹಾಸಿಗೆಗಳಿದ್ದ ಈ ಆಸ್ಪತ್ರೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಗೆ ಸೇರಿದ್ದು. ಇಲ್ಲಿ ದಾಖಲಾಗುವವರೆಲ್ಲ ಯಾವುದಾದರೊಂದು ಸಂಶೋಧನೆಗೆ ಒಪ್ಪಿ ಬಂದವರು. ಅವರಲ್ಲಿ ಕ್ಯಾನ್ಸರ್‌ಗೆ ಪ್ರಾಯೋಗಿಕ ಚಿಕಿತ್ಸೆ ಪಡೆಯುವವರು, ಅಸ್ಥಿಮಜ್ಜೆ ಕಸಿಯಾದವರು, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಕುಂದಿದವರು ಹೆಚ್ಚು. ಬೇರೆ ಕಡೆ ಕರುಳಿನಲ್ಲಿ ಸುಮ್ಮನೆ ಕುಳಿತಿರುವ ಬ್ಯಾಕ್ಟೀರಿಯಾ ಇಂಥವರ ರಕ್ತಕ್ಕೆ ಇಳಿಯಲು ಹೆಚ್ಚು ಹೊತ್ತು ಬೇಕಿಲ್ಲ.

ಈ ಪ್ರಕರಣವನ್ನು ಆ ಆಸ್ಪತ್ರೆಯ ಸೋಂಕು ನಿಯಂತ್ರಣ ತಂಡ ಮತ್ತು ತಳಿವಿಜ್ಞಾನಿಗಳು 2012ರಲ್ಲಿ ತಾವೇ ಪ್ರಕಟಿಸಿದರು. ಅದರಲ್ಲಿ ರೋಗಿಗಳಿಗೆ ಹೆಸರಿಲ್ಲ, ಬರೀ ಸಂಖ್ಯೆ. ಇಲ್ಲಿಯೂ ಹಾಗೆಯೇ. ನ್ಯೂಯಾರ್ಕ್‌ನಿಂದ ಬಂದವರು ರೋಗಿ 1.

ದಾಖಲಾತಿಯ ಹೊತ್ತಿನಲ್ಲೇ ಸಿಬ್ಬಂದಿ ರೋಗಿ 1ರ ಹಳೆಯ ಕಡತವನ್ನು ಓದಿದರು. ಬಹು ಔಷಧಗಳಿಗೆ ಜಗ್ಗದ ಬ್ಯಾಕ್ಟೀರಿಯಾ ದೇಹದಲ್ಲಿ ನೆಲೆಸಿದೆ ಎಂಬ ಉಲ್ಲೇಖ ಅದರಲ್ಲಿತ್ತು. ಓದಿದ ತಕ್ಷಣ ಪ್ರತ್ಯೇಕ ಕೋಣೆ, ಬಿಗಿಯಾದ ಸಂಪರ್ಕ ತಡೆ. ಅಂದರೆ ರೋಗಿಯನ್ನು ಮುಟ್ಟಲಿ ಬಿಡಲಿ, ಕೋಣೆಯೊಳಗೆ ಕಾಲಿಡುವ ಪ್ರತಿಯೊಬ್ಬರಿಗೂ ಗೌನ್ ಮತ್ತು ಗ್ಲೌಸ್. ಸ್ಟೆತೊಸ್ಕೋಪ್, ಬಿಪಿ ಪಟ್ಟಿಯಂಥ ಸಲಕರಣೆಗಳು ಆ ಕೋಣೆಗಷ್ಟೇ ಮೀಸಲು. ಪ್ರಯೋಗಾಲಯದ ಕಲ್ಚರ್‌ನಲ್ಲಿ, ಅಂದರೆ ಮಾದರಿಯಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಬೆಳೆದದ್ದು ಕಾರ್ಬಪೆನೆಮ್ ನಿರೋಧಕ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ.

ಕ್ಲೆಬ್ಸಿಯೆಲ್ಲಾ ಕರುಳಿನ ಬ್ಯಾಕ್ಟೀರಿಯಾ. ಆರೋಗ್ಯವಂತರಲ್ಲೂ ಇರುತ್ತದೆ. ಐಸಿಯುನಲ್ಲಿ ಅದು ವೆಂಟಿಲೇಟರ್ ಕೊಳವೆಯ ದಾರಿಯಲ್ಲಿ ಶ್ವಾಸಕೋಶಕ್ಕೆ, ಕ್ಯಾಥೆಟರ್ ಮೂಲಕ ಮೂತ್ರಕೋಶಕ್ಕೆ, ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್ ಕೊಳವೆಯ ಮೂಲಕ ರಕ್ತಕ್ಕೆ ಹೋಗುತ್ತದೆ. ಇಂಥ ಸೋಂಕಿಗೆ ದಶಕಗಳ ಕಾಲ ವೈದ್ಯರು ಕೊನೆಯದಾಗಿ ನಂಬಿದ್ದು ಮೆರೊಪೆನೆಮ್, ಇಮಿಪೆನೆಮ್‌ನಂಥ ಕಾರ್ಬಪೆನೆಮ್‌ಗಳನ್ನು. ಈ ತಳಿಯಲ್ಲಿದ್ದ ಕೆಪಿಸಿ ಎಂಬ ಕಿಣ್ವ ಆ ಔಷಧಗಳನ್ನೇ ತುಂಡರಿಸುತ್ತದೆ. ಕೆಪಿಸಿ ಮೊದಲು ಗುರುತಾದದ್ದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, 1996ರಲ್ಲಿ ಸಂಗ್ರಹಿಸಿದ ಮಾದರಿಯೊಂದರಲ್ಲಿ. ಅದರ ಜೀನ್ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೇಲಿರುವುದರಿಂದ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ರೋಗಿ 1ರ ತಳಿಯ ಮೇಲೆ ಕೆಲಸ ಮಾಡುತ್ತಿದ್ದ ಔಷಧಗಳು ಬೆರಳೆಣಿಕೆಯವು: ಕೊಲಿಸ್ಟಿನ್, ಟೈಗೆಸೈಕ್ಲಿನ್, ಜೆಂಟಾಮೈಸಿನ್.

ರೋಗಿ 1 ಸುಮಾರು ನಾಲ್ಕು ವಾರ ಆಸ್ಪತ್ರೆಯಲ್ಲಿದ್ದರು. ಅದರಲ್ಲಿ ಐಸಿಯುನಲ್ಲಿ ಕಳೆದದ್ದು ಎರಡು ಬಾರಿ, ತಲಾ 24 ಗಂಟೆ ಮಾತ್ರ. ಆ ಅವಧಿಯಲ್ಲಿ ಇತರ ರೋಗಿಗಳ ಕಲ್ಚರ್‌ಗಳಲ್ಲಿ ಈ ಬ್ಯಾಕ್ಟೀರಿಯಾ ಸಿಗಲಿಲ್ಲ. ಜುಲೈ 15ರಂದು ರೋಗಿ 1 ಚೇತರಿಸಿಕೊಂಡು ಮನೆಗೆ ಹೋದರು. ಮಾಡಬೇಕಾದದ್ದನ್ನೆಲ್ಲ ಮಾಡಿ, ಹರಡದಂತೆ ತಡೆದಾಯಿತು ಎಂದು ತಂಡ ಭಾವಿಸಿದ್ದರೆ ಅದನ್ನು ತಪ್ಪೆನ್ನಲಾಗದು. ಕೈಯಲ್ಲಿದ್ದ ವರದಿಗಳೆಲ್ಲ ಹಾಗೆಯೇ ಹೇಳುತ್ತಿದ್ದವು.

ಸಮಸ್ಯೆ

ಆಗಸ್ಟ್ 5ರಂದು ರೋಗಿ 2ರ ಶ್ವಾಸನಾಳದ ಸ್ರಾವದಲ್ಲಿ ಕೆಪಿಸಿ ಇರುವ ಕ್ಲೆಬ್ಸಿಯೆಲ್ಲಾ ಬೆಳೆಯಿತು. ರೋಗಿ 1 ಹೊರಟು ಮೂರು ವಾರವಾಗಿತ್ತು. ಇಬ್ಬರ ನಡುವೆ ನೇರ ಸಂಪರ್ಕದ ಸುಳಿವು ಸಿಗಲಿಲ್ಲ.

ಎರಡು ಸಾಧ್ಯತೆಗಳಿದ್ದವು. ಒಂದು, ರೋಗಿ 2 ಈ ಬ್ಯಾಕ್ಟೀರಿಯಾವನ್ನು ಬೇರೆಲ್ಲಿಂದಲೋ ತಂದಿದ್ದಾರೆ. ರೋಗಿ 1ರ ಜೊತೆಗಿನ ಹೋಲಿಕೆ ಕಾಕತಾಳೀಯ. ಇನ್ನೊಂದು, ಬ್ಯಾಕ್ಟೀರಿಯಾ ಆಸ್ಪತ್ರೆಯಿಂದ ಹೋಗಿಯೇ ಇರಲಿಲ್ಲ. ಇವೆರಡರಲ್ಲಿ ಯಾವುದು ನಿಜ ಎಂಬುದರ ಮೇಲೆ ಮುಂದಿನ ಕೆಲಸವೇ ಬದಲಾಗುತ್ತದೆ. ಮೊದಲನೆಯದಾದರೆ ಒಬ್ಬ ರೋಗಿಯನ್ನು ಪ್ರತ್ಯೇಕಿಸಿದರೆ ಮುಗಿಯಿತು. ಎರಡನೆಯದಾದರೆ ಎಲ್ಲೋ ಒಂದು ಅಡಗುದಾಣವಿದೆ. ಅದು ಒಬ್ಬ ಮನುಷ್ಯನಿರಬಹುದು, ಒಂದು ಯಂತ್ರವಿರಬಹುದು, ಒಂದು ಕೈತೊಟ್ಟಿ (ಸಿಂಕ್) ಇರಬಹುದು.

ಆಗ ಪ್ರಚಲಿತವಿದ್ದ ಬೆರಳಚ್ಚು ವಿಧಾನ ಪಲ್ಸ್ಡ್ ಫೀಲ್ಡ್ ಜೆಲ್ ಎಲೆಕ್ಟ್ರೊಫೊರೆಸಿಸ್. ಡಿಎನ್‌ಎಯನ್ನು ಕಿಣ್ವದಿಂದ ದೊಡ್ಡ ತುಂಡುಗಳಾಗಿ ಕತ್ತರಿಸಿ ಪಟ್ಟಿಗಳ ವಿನ್ಯಾಸವನ್ನು ಹೋಲಿಸುವುದು. ಇಬ್ಬರ ಮಾದರಿಗಳೂ ಒಂದೇ ಬಗೆಯವೆಂದು ಅದು ತೋರಿಸಿತು. ಆದರೆ ಅಷ್ಟರಿಂದ ಪ್ರಶ್ನೆ ಬಗೆಹರಿಯುವಂತಿರಲಿಲ್ಲ. ಆ ದಿನಗಳಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಸಿಗುತ್ತಿದ್ದ ಕೆಪಿಸಿ ಕ್ಲೆಬ್ಸಿಯೆಲ್ಲಾಗಳ ಬಹುಪಾಲು ಎಸ್‌ಟಿ258 ಎಂಬ ಒಂದೇ ವಂಶದ್ದು. ಒಂದೇ ಕುಟುಂಬದವರೆಲ್ಲರ ಅಡ್ಡಹೆಸರು ಒಂದೇ ಇರುವ ಹಾಗೆ. ಅಡ್ಡಹೆಸರು ಹೊಂದಿದ ಮಾತ್ರಕ್ಕೆ ಇವರೇ ಅಪ್ಪ, ಇವನೇ ಮಗ ಎನ್ನಲಾಗದು.

ಆಗಸ್ಟ್ ನಡುವಿಗೆ ಮೂರನೆಯವರು, ತಿಂಗಳ ಕೊನೆಯೊಳಗೆ ನಾಲ್ಕನೆಯವರು ಸಿಕ್ಕರು. ಅಲ್ಲಿಂದ ಹೆಚ್ಚುಕಡಿಮೆ ವಾರಕ್ಕೊಬ್ಬರಂತೆ ಹೊಸ ರೋಗಿಗಳು. ಕಾಕತಾಳೀಯ ಎಂಬ ಮಾತಿಗೆ ಜಾಗ ಉಳಿಯಲಿಲ್ಲ.

ಏನೇನು ಮಾಡಿದರು

ತಂಡದ ಒಳ್ಳೆಯ ನಿರ್ಧಾರವೆಂದರೆ ವಂಶಾವಳಿಯ ಖಚಿತ ಉತ್ತರ ಬರುವ ತನಕ ಕೈಕಟ್ಟಿ ಕೂರದಿದ್ದುದು. ಆಸ್ಪತ್ರೆಯೊಳಗೇ ಹರಡುತ್ತಿದೆ ಎಂದೇ ಹಿಡಿದು ಕ್ರಮ ಕೈಗೊಂಡರು.

ಮೊದಲು ಜನರನ್ನು ಬೇರ್ಪಡಿಸಿದರು. ಪಾಸಿಟಿವ್ ಬಂದವರಿಗಾಗಿ ಐಸಿಯುನಲ್ಲಿ ಗೋಡೆ ಕಟ್ಟಿ ಪ್ರತ್ಯೇಕ ವಿಭಾಗ ಮಾಡಿದರು. ಆ ವಿಭಾಗದ ದಾದಿಯರು ಬೇರೆ ರೋಗಿಗಳನ್ನು ನೋಡುವಂತಿಲ್ಲ. ಗೋಡೆಗಿಂತ ಈ ಎರಡನೆಯ ನಿಯಮವೇ ಹೆಚ್ಚು ಮುಖ್ಯ. ಬ್ಯಾಕ್ಟೀರಿಯಾಕ್ಕೆ ಕಾಲಿಲ್ಲ, ಹಾಸಿಗೆಯಿಂದ ಹಾಸಿಗೆಗೆ ಅದನ್ನು ಒಯ್ಯುವುದು ಕೈ, ಸಲಕರಣೆ. ರೋಗಿಗಳನ್ನು ಬೇರೆ ಮಾಡಿ ದಾದಿಯನ್ನು ಹಂಚಿಕೊಂಡರೆ ಬೇರ್ಪಡಿಸಿದಂತಾಗಲಿಲ್ಲ. ಎಷ್ಟೋ ಕಡೆ ಹಗಲು ಪಾಳಿಯಲ್ಲಿ ಈ ನಿಯಮ ನಡೆದು, ರಾತ್ರಿ ಜನ ಕಡಿಮೆಯಾದಾಗ ಮುರಿದುಬೀಳುತ್ತದೆ. ಬೆಳಿಗ್ಗೆ ಎಕ್ಸ್‌ರೇ ತೆಗೆಯಲು ಬರುವ ತಂತ್ರಜ್ಞ, ಫಿಸಿಯೊಥೆರಪಿಸ್ಟ್, ರಕ್ತ ತೆಗೆಯುವವರು ಎಲ್ಲ ಹಾಸಿಗೆಗಳನ್ನೂ ಸುತ್ತುತ್ತಾರೆ ಎಂಬುದು ಪಟ್ಟಿಯಲ್ಲಿ ಬಿಟ್ಟೇ ಹೋಗುತ್ತದೆ.

ಎರಡನೆಯದು ಕಾವಲು. ಕೋಣೆಗೆ ಹೋಗುವವರು, ಬರುವವರು ಕೈ ಶುಚಿ ಮಾಡಿಕೊಂಡರೇ, ಗೌನ್ ಸರಿಯಾಗಿ ತೊಟ್ಟರೇ ಎಂದು ನೋಡುವುದಕ್ಕೇ ಜನರನ್ನು ನೇಮಿಸಿದರು. ದಿನದ 24 ಗಂಟೆ. ಹಿರಿಯ ವೈದ್ಯರಿಗೂ ವಿನಾಯಿತಿ ಇಲ್ಲ. ಅಲ್ಕೊಹಾಲ್ ದ್ರಾವಣದಿಂದ ಕೈ ಉಜ್ಜಲು 20ರಿಂದ 30 ಸೆಕೆಂಡು, ಸೋಪು ನೀರಿನಿಂದ 40ರಿಂದ 60 ಸೆಕೆಂಡು ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಒಬ್ಬ ಐಸಿಯು ದಾದಿ ಗಂಟೆಯೊಂದರಲ್ಲಿ ಎಷ್ಟು ಸಲ ಹಾಸಿಗೆ ಮುಟ್ಟುತ್ತಾರೆ ಎಂದು ಎಣಿಸಿ ಈ ಸೆಕೆಂಡುಗಳಿಂದ ಗುಣಿಸಿದರೆ, ಸಿಬ್ಬಂದಿ ಕೊರತೆಯಿರುವ ಘಟಕದಲ್ಲಿ ಕೈ ಶುಚಿ ಏಕೆ ಮೊದಲು ಸೋಲುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಇದು ಸೋಮಾರಿತನದ ಪ್ರಶ್ನೆಯಲ್ಲ.

ಇನ್ನೊಂದು ತಪ್ಪು ಗ್ಲೌಸ್‌ನದು. ಗ್ಲೌಸ್ ಹಾಕಿದ ಕೈಯಲ್ಲೇ ಕಫ ಹೀರುವ ಸಕ್ಷನ್ ಮಾಡಿ, ಅದೇ ಕೈಯಲ್ಲಿ ಮಾನಿಟರ್ ಗುಂಡಿ ಒತ್ತಿ, ಅದೇ ಕೈಯಲ್ಲಿ ಸೆಂಟ್ರಲ್ ಲೈನ್ ಬಾಯಿ ತೆರೆಯುವುದು ಅಪರೂಪವಲ್ಲ. ಗ್ಲೌಸ್ ದಾದಿಯನ್ನು ಕಾಪಾಡುತ್ತದೆ, ಬದಲಿಸದಿದ್ದರೆ ರೋಗಿಯನ್ನಲ್ಲ. ಅದನ್ನು ಬಿಚ್ಚುವಾಗ ಕೈಗೆ ಅಂಟುವುದೂ ಉಂಟು, ಆದ್ದರಿಂದ ಬಿಚ್ಚಿದ ಮೇಲೂ ಕೈ ಉಜ್ಜಲೇಬೇಕು.

ಮೂರನೆಯದು ಹುಡುಕಾಟ. ಪ್ರಕರಣದ ತಿರುವು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಜ್ವರ ಬಂದಾಗ, ಕಫ ಹಳದಿಯಾದಾಗ ಕಳಿಸುವ ಕಲ್ಚರ್ ಸೋಂಕನ್ನು ಹಿಡಿಯುತ್ತದೆ. ಬ್ಯಾಕ್ಟೀರಿಯಾ ಕರುಳಿನಲ್ಲಿ ನೆಲೆಸಿಯೂ ಯಾವ ಲಕ್ಷಣವೂ ಇಲ್ಲದ ವಾಹಕರನ್ನು ಅದು ಹಿಡಿಯುವುದಿಲ್ಲ. ವಾಹಕರನ್ನು ಕಂಡುಹಿಡಿಯಲು ಲಕ್ಷಣವಿಲ್ಲದವರ ಗುದನಾಳದ ಸ್ವಾಬ್, ಅಂದರೆ ಹತ್ತಿಕಡ್ಡಿಯ ಮಾದರಿ, ತೆಗೆಯಬೇಕು. ಐಸಿಯುನಲ್ಲಿ ಮತ್ತೆ ಮತ್ತೆ, ಆಮೇಲೆ ಇಡೀ ಆಸ್ಪತ್ರೆಯಲ್ಲಿ ಸ್ವಾಬ್ ತೆಗೆದಾಗ ಐಸಿಯು ಹೊರಗೂ ವಾಹಕರು ಸಿಕ್ಕರು. ಗೋಡೆಯೊಳಗೆ ಇದೆ ಎಂದುಕೊಂಡಿದ್ದದ್ದು ಹೊರಗೂ ಇತ್ತು.

ಸ್ವಾಬ್ ತೆಗೆಯುವ ಕ್ರಮ ಸರಳವಾದರೂ ಎಡವುವುದು ಅಲ್ಲಿಯೇ. ತುದಿಯಲ್ಲಿ ಮಲದ ಬಣ್ಣ ಕಾಣಬೇಕು. ಕಾಣದಿದ್ದರೆ ಅದು ಚರ್ಮದ ಸ್ವಾಬ್, ನೆಗೆಟಿವ್ ಬಂದರೆ ಅರ್ಥವಿಲ್ಲ. ಬ್ಯಾಕ್ಟೀರಿಯಾವನ್ನು ಬಣ್ಣದಿಂದ ತೋರಿಸುವ ದುಬಾರಿ ಮಾಧ್ಯಮ ಇಲ್ಲದ ಪ್ರಯೋಗಾಲಯಕ್ಕೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳಿಕೊಟ್ಟ ಹಳೆಯ ವಿಧಾನ ಈಗಲೂ ಉಪಯುಕ್ತ: 5 ಮಿ.ಲೀ. ಟ್ರಿಪ್ಟಿಕ್ ಸೋಯ್ ಬ್ರಾತ್ ಎಂಬ ಪೋಷಕ ದ್ರವಕ್ಕೆ 10 ಮೈಕ್ರೊಗ್ರಾಂನ ಮೆರೊಪೆನೆಮ್ ಅಥವಾ ಎರ್ಟಪೆನೆಮ್ ಡಿಸ್ಕ್ (ಔಷಧ ಹೀರಿದ ಕಾಗದದ ಬಿಲ್ಲೆ) ಒಂದನ್ನು ಹಾಕಿ, ಸ್ವಾಬ್ ಅದ್ದಿ, 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಇಡುವುದು. ಮರುದಿನ ಚೆನ್ನಾಗಿ ಕಲಕಿ 100 ಮೈಕ್ರೊಲೀಟರ್‌ನಷ್ಟನ್ನು ಮೆಕಾಂಕಿ ಅಗಾರ್ ತಟ್ಟೆಯ ಮೇಲೆ ಎಳೆಯುವುದು. ಔಷಧಕ್ಕೆ ಸಾಯುವವು ಬ್ರಾತ್‌ನಲ್ಲೇ ಸಾಯುತ್ತವೆ, ಸಾಯದವು ತಟ್ಟೆಯ ಮೇಲೆ ಗುಲಾಬಿ ಬಣ್ಣದಲ್ಲಿ ಏಳುತ್ತವೆ.

ಹಾಗಿದ್ದರೂ ಒಂದು ನೆಗೆಟಿವ್ ಸ್ವಾಬ್ ಎಂದರೆ ಬ್ಯಾಕ್ಟೀರಿಯಾ ಇಲ್ಲವೆಂದಲ್ಲ. ಕರುಳಿನಲ್ಲಿ ಅದರ ಸಂಖ್ಯೆ ಕಡಿಮೆಯಿದ್ದಾಗ ಸ್ವಾಬ್‌ಗೆ ಸಿಗುವುದಿಲ್ಲ. ಆಮೇಲೆ ಯಾವುದೋ ಕಾರಣಕ್ಕೆ ಪಿಪೆರಾಸಿಲಿನ್, ಮೆರೊಪೆನೆಮ್‌ನಂಥ ವಿಶಾಲ ವ್ಯಾಪ್ತಿಯ ಔಷಧ ಶುರುವಾಗುತ್ತದೆ. ಕರುಳಿನ ಉಳಿದ ಬ್ಯಾಕ್ಟೀರಿಯಾ ಸಾಯುತ್ತವೆ, ಜಗ್ಗದ ತಳಿಗೆ ಇಡೀ ಹೊಲ ಖಾಲಿ ಸಿಗುತ್ತದೆ. ವಾರ ಕಳೆದು ತೆಗೆದ ಸ್ವಾಬ್ ಪಾಸಿಟಿವ್. ಅದು ಆ ವಾರ ಬಂದದ್ದಲ್ಲ, ಆ ವಾರ ಕಂಡದ್ದು.

ನಾಲ್ಕನೆಯದು ಪರಿಸರ. ಕೈತೊಟ್ಟಿಗಳ ಡ್ರೈನ್‌ಗಳಲ್ಲಿ ಇದೇ ಬ್ಯಾಕ್ಟೀರಿಯಾ ಸಿಕ್ಕಿತು. ರೋಗಿಯೊಬ್ಬರು ಬಳಸಿದ್ದ ವೆಂಟಿಲೇಟರ್‌ನಲ್ಲಿ, ಅದನ್ನು ಶುಚಿಗೊಳಿಸಿದ ನಂತರವೂ ಸಿಕ್ಕಿತು. ಕೊಳಾಯಿ ಭಾಗಗಳನ್ನು ಕಿತ್ತುಹಾಕಿದರು. ಕೋಣೆಗಳನ್ನು ಹೈಡ್ರೊಜನ್ ಪೆರಾಕ್ಸೈಡ್ ಆವಿಯಿಂದ ಶುದ್ಧಿ ಮಾಡಿದರು.

ಈ ಆವಿಯ ಬಗ್ಗೆ ನಮ್ಮಲ್ಲಿ ಒಂದು ಭ್ರಮೆ ಬೆಳೆದಿದೆ, ಯಂತ್ರ ತಂದಿಟ್ಟರೆ ಸಾಕೆಂದು. ಆವಿ ಬಿಡುವಾಗ ಕೋಣೆ ಪೂರ್ತಿ ಖಾಲಿ ಇರಬೇಕು, ಬಾಗಿಲ ಸಂದು ಮತ್ತು ಎಸಿ ಗಾಳಿದಾರಿಗಳಿಗೆ ಟೇಪ್ ಹಚ್ಚಬೇಕು. ಅದಕ್ಕೂ ಮೊದಲು ಕೈಯಿಂದ ಒರೆಸಿ ಕೊಳೆ ತೆಗೆದಿರಬೇಕು. ಒಣಗಿದ ರಕ್ತ, ಕಫದ ಪದರದಡಿಗೆ ಆವಿ ಇಳಿಯುವುದಿಲ್ಲ. ಡ್ರೈನ್‌ನೊಳಗಿನ ಲೋಳೆಪದರಕ್ಕಂತೂ ಅದು ತಲುಪುವುದೇ ಇಲ್ಲ. ರೋಗಿಯನ್ನು ಹೊರಹಾಕಲು ಜಾಗವಿಲ್ಲದ ಐಸಿಯುನಲ್ಲಿ ಇದು ಆಗದ ಮಾತು. ಅಲ್ಲಿ ನೆಚ್ಚಬೇಕಾದದ್ದು ಬಟ್ಟೆ, ಬಕೆಟ್ಟು, ಸರಿಯಾಗಿ ಬೆರೆಸಿದ ಹೈಪೊಕ್ಲೋರೈಟ್. ಶೇ 5ರ ದ್ರಾವಣದ 20 ಮಿ.ಲೀ.ಗೆ ನೀರು ಸೇರಿಸಿ ಒಂದು ಲೀಟರ್ ಮಾಡಿದರೆ 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ). ಮೇಲ್ಮೈಗಳಿಗೆ ಅಷ್ಟು ಬೇಕು. ರಕ್ತ ಚೆಲ್ಲಿದ ಕಡೆ, ಅದನ್ನು ಹೀರಿ ತೆಗೆದ ಮೇಲೆ, 5000 ಪಿಪಿಎಂ. ಪ್ರತಿದಿನ ಹೊಸದಾಗಿ ಬೆರೆಸಬೇಕು, ಒರೆಸಿದ ಮೇಲೆ ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು. ಬಿಸಿಲಿಗೆ ಇಟ್ಟ ಕ್ಯಾನಿನ ಹೈಪೊಕ್ಲೋರೈಟ್ ಲೇಬಲ್ ಮೇಲಷ್ಟೇ ಶೇ 5. ವಾಸನೆ ಇದ್ದರೂ ಬಲ ಇಳಿದಿರುತ್ತದೆ.

ಜೀನೋಮ್ ಹೇಳಿದ್ದು

ಇಷ್ಟೆಲ್ಲ ನಡೆಯುವಾಗಲೇ ತಳಿವಿಜ್ಞಾನಿಗಳು ರೋಗಿಗಳಿಂದ ಸಿಕ್ಕ ಬ್ಯಾಕ್ಟೀರಿಯಾಗಳ ಪೂರ್ಣ ಜೀನೋಮ್ ಓದತೊಡಗಿದರು. ಕ್ಲೆಬ್ಸಿಯೆಲ್ಲಾದ ಜೀನೋಮ್‌ನಲ್ಲಿ 50 ಲಕ್ಷಕ್ಕೂ ಹೆಚ್ಚು ಅಕ್ಷರಗಳಿವೆ. ಇಡೀ ಪ್ರಕರಣದ ಮಾದರಿಗಳನ್ನು ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಕಂಡದ್ದು 41 ಜಾಗಗಳಲ್ಲಿ ಮಾತ್ರ. ಜೆಲ್ ಪಟ್ಟಿಗೆ ಕಾಣದ ಈ ಅಕ್ಷರ ತಪ್ಪುಗಳೇ ದಾರಿಯ ಗುರುತುಗಳಾದವು. ಹಳೆಯ ಓಲೆಗರಿಯನ್ನು ಪ್ರತಿ ಮಾಡಿದವನು ಒಂದು ಅಕ್ಷರ ತಪ್ಪಿದರೆ, ಅವನ ಪ್ರತಿಯಿಂದ ಪ್ರತಿ ಮಾಡಿದವರೆಲ್ಲರಲ್ಲೂ ಅದೇ ತಪ್ಪು ಉಳಿಯುತ್ತದಲ್ಲ, ಹಾಗೆ.

ಮೊದಲು ತಿಳಿದದ್ದು, ಎಲ್ಲವೂ ರೋಗಿ 1ರಿಂದಲೇ ಬಂದದ್ದು. ಬೇರೆ ಮೂಲವಿಲ್ಲ.

ಎರಡನೆಯದು ಯಾರೂ ಊಹಿಸದ್ದು. ರೋಗಿ 1ರಿಂದ ಬ್ಯಾಕ್ಟೀರಿಯಾ ಒಮ್ಮೆಯಲ್ಲ, ಮೂರು ಬಾರಿ ಪ್ರತ್ಯೇಕವಾಗಿ ಇತರರಿಗೆ ದಾಟಿತ್ತು. ದೇಹದ ಬೇರೆ ಬೇರೆ ಭಾಗಗಳಲ್ಲಿ ನೆಲೆಸಿದ್ದ ಬ್ಯಾಕ್ಟೀರಿಯಾಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳಿದ್ದವು. ಆ ವ್ಯತ್ಯಾಸಗಳೇ ಬೇರೆ ಬೇರೆ ಕವಲುಗಳಲ್ಲಿ ಮುಂದುವರಿದಿದ್ದವು. ಗೌನ್, ಗ್ಲೌಸ್, ಪ್ರತ್ಯೇಕ ಕೋಣೆ ಎಲ್ಲ ಇದ್ದ ನಾಲ್ಕು ವಾರಗಳಲ್ಲೇ ಹೀಗಾಗಿತ್ತು. ಆಗ ಯಾರ ಕಲ್ಚರ್‌ನಲ್ಲೂ ಅದು ಕಂಡಿರಲಿಲ್ಲ.

ಮೂರನೆಯದು ಈ ಪ್ರಕರಣದ ತಿರುಳು. ಪಾಸಿಟಿವ್ ವರದಿ ಬಂದ ಕ್ರಮಕ್ಕೂ ಬ್ಯಾಕ್ಟೀರಿಯಾ ದಾಟಿದ ಕ್ರಮಕ್ಕೂ ತಾಳೆಯಾಗಲಿಲ್ಲ. ರೋಗಿ 1ರಿಂದ 2ಕ್ಕೆ, 2ರಿಂದ 3ಕ್ಕೆ ಎಂದು ದಿನಾಂಕ ನೋಡಿ ಎಳೆದ ಗೆರೆ ತಪ್ಪಾಗಿತ್ತು. ಮೊದಲೇ ಅಂಟಿಸಿಕೊಂಡವರು ವಾರಗಟ್ಟಲೆ ಯಾವ ಲಕ್ಷಣವೂ ಇಲ್ಲದೆ ಇದ್ದು, ಇತರರಿಗೆ ದಾಟಿಸಿ, ತಾವು ತಡವಾಗಿ ಪಾಸಿಟಿವ್ ಬಂದಿದ್ದರು. ಎಲ್ಲರ ಕಣ್ಣೂ ಬಾಗಿಲ ಮೇಲೆ ಎಚ್ಚರಿಕೆ ಫಲಕ ತೂಗಿದ ಕೋಣೆಗಳ ಮೇಲಿತ್ತು. ಬ್ಯಾಕ್ಟೀರಿಯಾ ಓಡಾಡಿದ್ದು ಫಲಕವಿಲ್ಲದ ಹಾಸಿಗೆಗಳ ನಡುವೆ.

ಏನಾಯಿತು

2011ರ ಕೊನೆಯ ಹೊತ್ತಿಗೆ ಹರಡುವಿಕೆ ನಿಂತಿತು. ಅಷ್ಟರಲ್ಲಿ ಬ್ಯಾಕ್ಟೀರಿಯಾ 18 ರೋಗಿಗಳನ್ನು ತಲುಪಿತ್ತು. ಅವರಲ್ಲಿ 11 ಜನ ತೀರಿಕೊಂಡರು. 6 ಸಾವುಗಳಿಗೆ ಈ ಸೋಂಕೇ ಕಾರಣವೆಂದು, 5 ಸಾವುಗಳು ಮೂಲ ಕಾಯಿಲೆಯಿಂದ ಆದವೆಂದು ಆಸ್ಪತ್ರೆ ನಿರ್ಣಯಿಸಿತು. ಕೊಲಿಸ್ಟಿನ್‌ಗೂ ಜಗ್ಗದ ಮಾದರಿಗಳು ನಡುವೆ ಕಾಣಿಸಿಕೊಂಡಿದ್ದವು. ಸಂಶೋಧನಾ ಲೇಖನ ಹೊರಬಂದ 2012ರ ಆಗಸ್ಟ್‌ನಲ್ಲಷ್ಟೇ ಸಾರ್ವಜನಿಕರಿಗೆ ವಿಷಯ ಗೊತ್ತಾಯಿತು. ತಡವೇಕೆ ಎಂಬ ಟೀಕೆ ಬಂತು, ಅದು ನ್ಯಾಯವಾದದ್ದೇ. 2012ರಲ್ಲೇ ಇನ್ನೊಬ್ಬ ರೋಗಿಗೆ ಅದೇ ಆಸ್ಪತ್ರೆಯಲ್ಲಿ ಈ ಬ್ಯಾಕ್ಟೀರಿಯಾ ಅಂಟಿತು, ಆ ರೋಗಿ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು.

ಹಣ, ಜನ, ಪ್ರತ್ಯೇಕ ಕೋಣೆ, ಜೀನೋಮ್ ಓದುವ ಯಂತ್ರ ಎಲ್ಲ ಇದ್ದ ಆಸ್ಪತ್ರೆಯಲ್ಲಿ ಇದು ನಡೆಯಿತು. ಹಾಗಾಗಿ ಇದನ್ನು ಯಾರದೋ ಅಜಾಗರೂಕತೆಯ ಕತೆಯಾಗಿ ಓದುವುದು ತಪ್ಪು. ಯಾವ ಕೈಯಿಂದ, ಯಾವ ಗಳಿಗೆಯಲ್ಲಿ ಮೊದಲು ದಾಟಿತು ಎಂಬುದನ್ನು ತನಿಖೆ ಬೆರಳಿಟ್ಟು ತೋರಿಸಲಿಲ್ಲ. ಅಂಥ ಗಳಿಗೆಗಳು ಪ್ರತಿ ಪಾಳಿಯಲ್ಲೂ ಬರುತ್ತವೆ.

ಇದನ್ನು ನಮ್ಮ ಐಸಿಯುಗಳಿಗೆ ತಂದರೆ

ನಮ್ಮಲ್ಲಿ ಕಿಣ್ವವೇ ಬೇರೆ. ಭಾರತದ ಕಾರ್ಬಪೆನೆಮ್ ನಿರೋಧಕ ಕ್ಲೆಬ್ಸಿಯೆಲ್ಲಾಗಳಲ್ಲಿ ಕೆಪಿಸಿ ಕಡಿಮೆ, ಅದೇ ಕೆಲಸ ಮಾಡುವ ಎನ್‌ಡಿಎಂ ಮತ್ತು ಆಕ್ಸಾ-48 ಬಗೆಯ ಕಿಣ್ವಗಳು ಹೆಚ್ಚು. ಎಷ್ಟೋ ಸಲ ಎರಡೂ ಒಟ್ಟಿಗೆ. ಇದರಿಂದ ಹರಡುವ ದಾರಿ ಬದಲಾಗುವುದಿಲ್ಲ, ಔಷಧ ಬದಲಾಗುತ್ತದೆ. ಬೆಥೆಸ್ಡಾದ ಪ್ರಕರಣದ ಕಾಲಕ್ಕೆ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಎಂಬ ಜೋಡಿ ಔಷಧ ಮಾರುಕಟ್ಟೆಯಲ್ಲಿರಲಿಲ್ಲ. ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2015ರಲ್ಲಿ. ಅದು ಕೆಪಿಸಿಯನ್ನೂ ಆಕ್ಸಾ-48 ಅನ್ನೂ ತಡೆಯುತ್ತದೆ, ಎನ್‌ಡಿಎಂ ಅನ್ನು ತಡೆಯುವುದಿಲ್ಲ. ಎನ್‌ಡಿಎಂ ಇದ್ದರೆ ಅದರ ಜೊತೆಗೆ ಅಜ್ಟ್ರಿಯೊನಾಮ್ ಬೇಕು: ಅಜ್ಟ್ರಿಯೊನಾಮ್ ಅನ್ನು ಎನ್‌ಡಿಎಂ ತುಂಡರಿಸಲಾರದು, ತುಂಡರಿಸಬಲ್ಲ ಉಳಿದ ಕಿಣ್ವಗಳನ್ನು ಅವಿಬ್ಯಾಕ್ಟಮ್ ಕಟ್ಟಿಹಾಕುತ್ತದೆ. ಕಿಣ್ವ ಯಾವುದೆಂದು ತಿಳಿಯದೆ ದುಬಾರಿ ಔಷಧವನ್ನು ಒಂಟಿಯಾಗಿ ಬರೆದರೆ ಕುಟುಂಬದ ಹಣವೂ ಹೋಗುತ್ತದೆ, ರೋಗಿಯ ದಿನಗಳೂ ಹೋಗುತ್ತವೆ.

ಕಿಣ್ವ ಯಾವುದೆಂದು ತಿಳಿಯಲು ಜೀನ್ ಪತ್ತೆಹಚ್ಚುವ ಪಿಸಿಆರ್ ಇರಲೇಬೇಕೆಂದಿಲ್ಲ. ಎಂಸಿಐಎಂ ಪರೀಕ್ಷೆಯಲ್ಲಿ 2 ಮಿ.ಲೀ. ಬ್ರಾತ್‌ನಲ್ಲಿ ಬ್ಯಾಕ್ಟೀರಿಯಾ ಕದಡಿ, ಮೆರೊಪೆನೆಮ್ ಡಿಸ್ಕ್ ಹಾಕಿ, 35 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಡುತ್ತಾರೆ. ಆಮೇಲೆ ಆ ಡಿಸ್ಕನ್ನು ಔಷಧಕ್ಕೆ ಬಗ್ಗುವ ಇ. ಕೊಲೈ ಹರಡಿದ ತಟ್ಟೆಯ ಮೇಲಿಡುತ್ತಾರೆ. ಮರುದಿನ ಡಿಸ್ಕಿನ ಸುತ್ತಲಿನ ಖಾಲಿ ವೃತ್ತ 6ರಿಂದ 15 ಮಿ.ಮೀ. ಇದ್ದರೆ ಔಷಧ ನಾಶವಾಗಿದೆ, ಕಾರ್ಬಪೆನೆಮೇಸ್ (ಕಾರ್ಬಪೆನೆಮ್ ತುಂಡರಿಸುವ ಕಿಣ್ವ) ಇದೆ. 19 ಅಥವಾ ಹೆಚ್ಚಿದ್ದರೆ ಇಲ್ಲ. 16ರಿಂದ 18ರ ವೃತ್ತದೊಳಗೆ ಚುಕ್ಕಿ ಎದ್ದರೆ ಅದೂ ಪಾಸಿಟಿವ್. ಚುಕ್ಕಿಯಿಲ್ಲದ 16ರಿಂದ 18, ಮತ್ತು 19 ಅಥವಾ ಹೆಚ್ಚಿನ ವೃತ್ತದೊಳಗೆ ಚುಕ್ಕಿ ಎದ್ದದ್ದು ಅನಿಶ್ಚಿತ. ಇದೇ ಪರೀಕ್ಷೆಯನ್ನು ಲೋಹವನ್ನು ಕಟ್ಟಿಹಾಕುವ ಇಡಿಟಿಎ ಸೇರಿಸಿ ಜೊತೆಜೊತೆಗೆ ಮಾಡಿ, ವೃತ್ತ 5 ಮಿ.ಮೀ. ಅಥವಾ ಹೆಚ್ಚು ಅಗಲವಾದರೆ ಎನ್‌ಡಿಎಂನಂಥ ಲೋಹ ಅವಲಂಬಿತ ಕಿಣ್ವವೆಂದು ಅರ್ಥ. ಆದರೆ ಎನ್‌ಡಿಎಂ ಜೊತೆಗೆ ಆಕ್ಸಾ-48 ಕೂಡ ಇದ್ದರೆ ಇಡಿಟಿಎ ಹಾಕಿದರೂ ವೃತ್ತ ಅಗಲವಾಗದಿರಬಹುದು, ಏಕೆಂದರೆ ಎರಡನೆಯದು ಕೆಲಸ ಮುಂದುವರಿಸುತ್ತದೆ. ನಮ್ಮಲ್ಲಿ ಈ ಜೋಡಿ ಸಾಮಾನ್ಯವಾದ್ದರಿಂದ ಅಂಥ ಫಲಿತಾಂಶ ನೋಡಿ ಎನ್‌ಡಿಎಂ ಇಲ್ಲವೆಂದು ಬರೆಯಬಾರದು.

ಕೊಲಿಸ್ಟಿನ್ ಬಗ್ಗೆ ಒಂದು ಮಾತು. ಅದಕ್ಕೆ ಡಿಸ್ಕ್ ಇಟ್ಟು ವೃತ್ತ ಅಳೆಯುವುದು ನಂಬಲರ್ಹವಲ್ಲ. ಅಣು ದೊಡ್ಡದು, ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಬ್ರಾತ್ ಮೈಕ್ರೊಡೈಲ್ಯೂಷನ್, ಅಂದರೆ ಔಷಧದ ಬೇರೆ ಬೇರೆ ಪ್ರಮಾಣದ ದ್ರವದಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಬೇಕು. ಪ್ರಯೋಗಾಲಯಗಳಿಗೆ ಮಾನದಂಡ ರೂಪಿಸುವ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆ 2020ರಿಂದ ಈ ಗುಂಪಿನ ಬ್ಯಾಕ್ಟೀರಿಯಾಗಳಿಗೆ ಕೊಲಿಸ್ಟಿನ್ ವಿಷಯದಲ್ಲಿ ‘ಬಗ್ಗುತ್ತದೆ’ ಎಂಬ ವರ್ಗವನ್ನೇ ತೆಗೆದುಹಾಕಿತು. ಹಾಗಿದ್ದೂ ಡಿಸ್ಕ್ ವರದಿಯಲ್ಲಿ ‘ಕೊಲಿಸ್ಟಿನ್: ಸೆನ್ಸಿಟಿವ್’ ಎಂದು ಓದಿ ನೆಮ್ಮದಿಪಡುವ ಐಸಿಯುಗಳಿವೆ. ಮೂತ್ರಪಿಂಡಕ್ಕೆ ಹೊಡೆತ ಕೊಡುವ ಔಷಧವನ್ನು ಸುಳ್ಳು ಧೈರ್ಯದ ಮೇಲೆ ಕೊಡುವುದು ನೋವಿನ ಸಂಗತಿ.

ಇನ್ನು ಜಾಗ. ಸಾಲಾಗಿ ಹತ್ತು ಹನ್ನೆರಡು ಮಂಚ, ನಡುವೆ ಪರದೆ, ಮೂಲೆಯಲ್ಲೊಂದು ಕೈತೊಟ್ಟಿ ಇರುವ ಐಸಿಯುನಲ್ಲಿ ಗೋಡೆ ಕಟ್ಟುವ ಮಾತು ಬರುವುದಿಲ್ಲ. ಬೆಥೆಸ್ಡಾದಿಂದ ತರಬಹುದಾದದ್ದು ಗೋಡೆಯ ಹಿಂದಿನ ತರ್ಕ. ಪಾಸಿಟಿವ್ ಬಂದವರನ್ನು ಒಂದು ತುದಿಗೆ ಸರಿಸಿ, ಅವರಿಗೆ ಪ್ರತಿ ಪಾಳಿಯಲ್ಲೂ, ರಾತ್ರಿಯಲ್ಲೂ, ಬೇರೆ ದಾದಿ. ಎಕ್ಸ್‌ರೇ, ಡ್ರೆಸ್ಸಿಂಗ್, ಫಿಸಿಯೊಥೆರಪಿ ಸುತ್ತು ಆ ತುದಿಯಲ್ಲಿ ಕೊನೆಗೆ. ಕೈತೊಟ್ಟಿಗೆ ಹತ್ತಿರದ ಮಂಚವನ್ನು ಒಂದು ಮೀಟರ್‌ಗಿಂತ ಆಚೆ ಸರಿಸಬೇಕು, ಏಕೆಂದರೆ ನಲ್ಲಿಯ ಧಾರೆ ನೇರ ಡ್ರೈನ್ ಮೇಲೆ ಬಿದ್ದಾಗ ಲೋಳೆಯ ಹನಿಗಳು ಸುತ್ತ ಸಿಡಿಯುತ್ತವೆ. ಅದೇ ಕಾರಣಕ್ಕೆ ಆ ತೊಟ್ಟಿಯ ಕಟ್ಟೆಯ ಮೇಲೆ ಸಿರಿಂಜ್, ಔಷಧದ ಟ್ರೇ ಇಡಬಾರದು; ರೋಗಿಯ ಮೈ ಒರೆಸಿದ ನೀರು, ಉಳಿದ ಐವಿ ದ್ರಾವಣ, ಟ್ಯೂಬ್ ಆಹಾರವನ್ನು ಅದಕ್ಕೆ ಸುರಿಯಬಾರದು. ಸಕ್ಕರೆ ಮತ್ತು ಪ್ರೋಟೀನ್ ಸುರಿದರೆ ಡ್ರೈನ್‌ನೊಳಗಿನ ಬ್ಯಾಕ್ಟೀರಿಯಾಕ್ಕೆ ಊಟ ಬಡಿಸಿದಂತೆ. ಇದಕ್ಕೆ ಖರ್ಚಿಲ್ಲ. ಸುರಿಯಲು ಬೇರೆ ಜಾಗ ತೋರಿಸಿದರೆ ಸಾಕು, ತೋರಿಸದೆ ಬೈದರೆ ನಿಲ್ಲುವುದಿಲ್ಲ.

ಸ್ವಾಬ್ ಹುಡುಕಾಟಕ್ಕೆ ಎಲ್ಲ ಕಡೆ ಹಣ ಸಿಗದು ಎಂಬುದು ನಿಜ. ಎಲ್ಲರಿಗೂ ಆಗದಿದ್ದರೆ, ಬೇರೆ ಆಸ್ಪತ್ರೆಯಿಂದ ಬಂದವರಿಗೆ ದಾಖಲಾದ ದಿನ, ಮತ್ತು ಒಬ್ಬರು ಪಾಸಿಟಿವ್ ಬಂದಾಗ ಅವರೊಡನೆ ಅದೇ ಐಸಿಯು ಹಂಚಿಕೊಂಡವರೆಲ್ಲರಿಗೆ, ವಾರಕ್ಕೊಮ್ಮೆಯಂತೆ ಹೊಸಬರು ಸಿಗದಾಗುವ ತನಕ. ವಾರ್ಡಿಗೆ ಹೋದವರನ್ನು ಈ ಪಟ್ಟಿಯಿಂದ ಬಿಡಬಾರದು. ನೆಗೆಟಿವ್ ಬಂದ ಮೊದಲ ವಾರವೇ ನಿಲ್ಲಿಸಿದರೆ ಜುಲೈ 15ರ ಆ ನೆಮ್ಮದಿಯಲ್ಲೇ ನಾವೂ ನಿಂತಂತೆ.

ಕೊನೆಯದಾಗಿ ಕಾಗದ. ರೋಗಿ 1ರನ್ನು ಮೊದಲ ದಿನವೇ ಗುರುತಿಸಲು ಸಾಧ್ಯವಾದದ್ದು ಹಿಂದಿನ ಆಸ್ಪತ್ರೆಯ ಕಡತದಲ್ಲಿ ಆ ಮಾಹಿತಿ ಇದ್ದುದರಿಂದ ಮತ್ತು ಯಾರೋ ಅದನ್ನು ಕೂತು ಓದಿದ್ದರಿಂದ. ನಮ್ಮಲ್ಲಿ ತಾಲ್ಲೂಕಿನ ನರ್ಸಿಂಗ್ ಹೋಮ್‌ನಿಂದ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗೆ ಎಂದು ಮೂರು ಐಸಿಯು ದಾಟಿ ಬರುವ ರೋಗಿಯ ರೆಫರಲ್ ಚೀಟಿಯಲ್ಲಿ ಬಿಪಿ, ಜಿಸಿಎಸ್ (ಪ್ರಜ್ಞೆಯ ಮಟ್ಟ), ಕೊಟ್ಟ ಇಂಜೆಕ್ಷನ್ ಇರುತ್ತವೆ. ಕಲ್ಚರ್ ವರದಿ ಇರುವುದು ಅಪರೂಪ. ಕಳಿಸಿದ ಕಲ್ಚರ್‌ನ ಫಲಿತಾಂಶ ರೋಗಿ ಹೊರಟ ಎರಡು ದಿನಕ್ಕೆ ಬಂದು ಹಳೆಯ ಆಸ್ಪತ್ರೆಯ ಕಡತದಲ್ಲೇ ಉಳಿಯುತ್ತದೆ. ಚೀಟಿಯಲ್ಲಿ ನಾಲ್ಕೈದು ಸಾಲು ಸೇರಿದರೆ ಆಗುತ್ತದೆ: ಯಾವ ಮಾದರಿ, ಯಾವ ದಿನ, ಏನು ಬೆಳೆಯಿತು, ಕಾರ್ಬಪೆನೆಮ್‌ಗೆ ಜಗ್ಗುತ್ತದೆಯೋ ಇಲ್ಲವೋ, ಫಲಿತಾಂಶ ಬಾಕಿಯಿದ್ದರೆ ಪ್ರಯೋಗಾಲಯದ ಫೋನ್ ಸಂಖ್ಯೆ. ಡಿಸ್ಚಾರ್ಜ್ ಕಾರ್ಡಿನ ಮೊದಲ ಪುಟದಲ್ಲೇ, ಮನೆಯವರಿಗೂ ಓದಲು ಬರುವಂತೆ ಕನ್ನಡದಲ್ಲಿ: ‘ಇವರ ಕರುಳಿನಲ್ಲಿ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಇದೆ. ಮನೆಯಲ್ಲಿ ಸೋಪಿನಿಂದ ಕೈ ತೊಳೆದುಕೊಳ್ಳಿ, ಇವರನ್ನು ದೂರವಿಡಬೇಕಾಗಿಲ್ಲ. ಮುಂದೆ ಯಾವ ಆಸ್ಪತ್ರೆಗೆ ಸೇರಿಸಿದರೂ ಈ ಕಾರ್ಡನ್ನು ಮೊದಲು ತೋರಿಸಿ.’